ಡಿಫ್ರೆನ್ಸ್ ಎಣ್ಣಿಗೆ ಬೆರಳಿಟ್ಟವರು

ಹಳೇ ಲಾರಿ ಮಾರುತ್ತ ಗದಗಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಆದರೂ ಗಿರಾಕಿ ಲಾರಿಯ ಕೆಳಗೆ ಬಗ್ಗಿದನೆಂದರೆ ಇವತ್ತಿಗೂ ಏನಾದರೊಂದು ಆಗಿಯೇ ತೀರುತ್ತದೆ.

ಹಿಂದಿನ ಎರಡು ಗಾಲಿಗಳ ನಡುವೆ ಗಡಿಗೆಯಂಥ ಕಬ್ಬಿಣದ ಹೊಟ್ಟೆ ಇರುತ್ತದಲ್ಲ, ಅದಕ್ಕೆ ನಮ್ಮ ಕಡೆ ಡಿಫ್ರೆನ್ಸ್ ಅನ್ನುತ್ತಾರೆ. ಅದರೊಳಗಿನ ಗೇರುಗಳು ಎಣ್ಣೆಯಲ್ಲಿ ಮುಳುಗಿ ತಿರುಗಬೇಕು. ಪರೀಕ್ಷೆ ಬಹಳ ಸರಳ. ಹಿಂಬದಿಯ ಬೋಲ್ಟು ಬಿಚ್ಚಿ ಕಿರುಬೆರಳು ಇಡಬೇಕು. ತೂತಿನ ಅಂಚಿಗೆ ಎಣ್ಣೆ ಹತ್ತಿದರೆ ಸರಿ. ಇಷ್ಟನ್ನೇ ಮಾಡಿ ಎದ್ದ ಗಿರಾಕಿಯನ್ನು ನಾನಿನ್ನೂ ನೋಡಿಲ್ಲ.

ಕಳೆದ ವರ್ಷ ನನ್ನ ಹತ್ತಿರ ಒಂದು ಲಾರಿ ಉಳಿದಿತ್ತು. ಡಿಫ್ರೆನ್ಸ್ ಅಪ್ಪಟ, ಎಣ್ಣೆ ನಾನೇ ನಿಂತು ಹೊಸದು ಹಾಕಿಸಿದ್ದು. ತೊಂದರೆ ಒಂದೇ. ತಿಂಗಳ ಕೊನೆಗೆ ಅದರ ಪಾಸಿಂಗ್, ಅಂದರೆ ರಸ್ತೆಗಿಳಿಯುವ ಪರವಾನಗಿ, ಮುಗಿಯುತ್ತಿತ್ತು; ಮತ್ತೆ ಮಾಡಿಸುವ ಖರ್ಚು ನನಗೆ ಗಿಟ್ಟುತ್ತಿರಲಿಲ್ಲ. ಅಷ್ಟರಲ್ಲಿ ಹೋದರೆ ಲಾರಿ, ಹೋಗದಿದ್ದರೆ ಗುಜರಿ. ಗುಜರಿ ಅಂಗಡಿಯವನು ದಿನಾ ಬಂದು, ಹಬ್ಬದ ಕುರಿ ನೋಡಿದ ಹಾಗೆ ಅದರ ಸುತ್ತ ಒಂದು ಸುತ್ತು ಹಾಕಿ ಹೋಗುತ್ತಿದ್ದ.

ನಲವತ್ತರ ಎಣ್ಣಿ

ಮೊದಲು ಬಂದವರು ಬೆಟಗೇರಿಯ ಒಬ್ಬ ಸೀರೆ ವ್ಯಾಪಾರಿ.

"ಡಿಫ್ರೆನ್ಸಿಗೆ ಯಾವ ಎಣ್ಣಿ ಹಾಕೀರಿ?"

"ತೊಂಬತ್ತರ ನಂಬರಿಂದು ರೀ."

ಅವರ ಮುಖ ಸಣ್ಣದಾಯಿತು. "ತೊಂಬತ್ತು? ಭಾಳ ಆತಲ್ರಿ."

"ಬೇಸಿಗಿಗೆ ಕೆಲವ್ರು ನೂರಾ ನಲವತ್ತೂ ಹಾಕತಾರ್ರಿ."

"ಅಯ್ಯಯ್ಯ! ಮಂದಿ ಸಾಯಬೇಕಂತ ಮಾಡೀರೇನು?"

ಆ ನಂಬರು ಎಣ್ಣೆ ಎಷ್ಟು ದಪ್ಪ ಅಂತ ಹೇಳುತ್ತದೆ, ಲಾರಿ ಎಷ್ಟು ಜೋರು ಓಡುತ್ತದೆ ಅಂತ ಅಲ್ಲ ಎಂದು ಚಹಾ ಆರುವ ತನಕ ತಿಳಿಸಿ ಹೇಳಿದೆ. ಎಲ್ಲದಕ್ಕೂ ತಲೆ ಆಡಿಸಿದರು. ಕಡೆಗೆ ನನ್ನ ಕಿವಿಯ ಹತ್ತಿರ ಬಂದು ಅಂದರು:

"ಅದೆಲ್ಲಾ ಖರೆ ಇರಬೇಕ್ರಿ. ಆದ್ರ ನನ್ನ ಡ್ರೈವರ್ ಭಾಳ ಜೋರ್ ಹೊಡೀತಾನ. ಅವಗ ಗೊತ್ತಾಗಧಂಗ ಒಂದು ನಲವತ್ತರದ್ದು ಹಾಕಿ ಕೊಡಾಕ ಬರತೈತೇನು?"

ಸ್ವಂತ ಗಾಣ

ಲಕ್ಷ್ಮೇಶ್ವರದ ಗಿರಾಕಿ ಶೇಂಗಾ ಎಣ್ಣೆಯ ಮಿಲ್ಲಿನವರು. ಲಾರಿ ಅವರ ಮನೆ ಮುಂದೆಯೇ ಒಯ್ದು ತೋರಿಸಬೇಕಾಯಿತು. ಬೋಲ್ಟು ಬಿಚ್ಚಿದೆ. ಸಾಹೇಬರು ಬೆರಳು ಅದ್ದಿದರು, ಅಂಗೈಗೆ ತಿಕ್ಕಿದರು, ಮೂಸಿದರು. ನಾನು ಬೇಡ ಅನ್ನುವುದರೊಳಗೆ ನಾಲಿಗೆಗೂ ಹಚ್ಚಿಕೊಂಡರು. ಆಮೇಲೆ ಸ್ವಲ್ಪ ಹೊತ್ತು ಬರೀ ಉಗುಳುವುದೇ ನಡೆಯಿತು.

"ಎಣ್ಣಿ ಕಮಟಾಗೈತ್ರಿ," ಅಂದರು, ಬಾಯಿ ಒರೆಸಿಕೊಂಡು. "ನಮ್ಮ ಮಿಲ್ಲಿನ್ಯಾಗ ಈ ವಾಸನಿ ಬಂದ್ರ ಡಬ್ಬಿ ಹೊರಗ ಬಿಡೂದಿಲ್ಲ."

"ಗೇರ್ ಎಣ್ಣಿ ವಾಸನೀನ ಹಂಗ ರೀ. ಗಂಧಕ ಇರತೈತಿ."

"ಇರಲಿ ಬಿಡ್ರಿ. ಲಾರಿ ತಗೊಂಡ ಮ್ಯಾಲೆ ಇದನ್ನ ಚೆಲ್ಲಿ ನಮ್ಮದs ಹಾಕತೀನಿ. ಎರಡು ಸಲ ಸೋಸಿದ್ದು, ಬಂಗಾರಧಂಗ ಐತಿ. ಸ್ವಂತ ಗಾಣ ಇಟಗೊಂಡು ಹೊರಗಿನ ಎಣ್ಣಿ ಯಾಕ ಕೊಳ್ಳಬೇಕು?"

ಮಾರುವವನಿಗೆ ಸುಮ್ಮನಿರುವುದೇ ಲಾಭ. ಆದರೆ ಒಂದು ಅಪ್ಪಟ ಡಿಫ್ರೆನ್ಸ್ ಒಗ್ಗರಣೆ ಆಗುವುದನ್ನು ನೋಡಲಾರದೆ ಹೇಳಿಬಿಟ್ಟೆ: "ಸಾಹೇಬ್ರ, ಹಾಕ್ರಿ. ಗದಗ ಮುಟ್ಟೂದ್ರಾಗ ಕಾದು ನಿಲ್ಲತೈತಿ. ಬಸ್ ಸ್ಟ್ಯಾಂಡ್ ಮುಂದ ಹಿಂದಿನ ಬೋಲ್ಟ್ ಬಿಚ್ಚಿ ಮಿರ್ಚಿ ಭಜಿ ಬಿಡ್ರಿ."

ಸಿಟ್ಟಿಗೆದ್ದು ಒಳಗೆ ಹೋದರು. ಲಾರಿ ನನ್ನ ಹತ್ತಿರವೇ ಉಳಿಯಿತು. ವಾರದ ನಂತರ ಅವರ ಮಿಲ್ಲಿನ ಮುನೀಮ ಸಿಕ್ಕು ಹೇಳಿದ: "ಸಾಹೇಬ್ರಿಗೆ ಇನ್ನೂ ಊಟದ ರುಚಿ ಹತ್ತವಲ್ದುರಿ."

ಸಾಪ ನೆಲ

ಶಿರಹಟ್ಟಿಯ ರೈತರೊಬ್ಬರಿಗೆ ನಿಯಮ ಗೊತ್ತಿತ್ತು. ಎಣ್ಣೆ ನೋಡುವಾಗ ಲಾರಿ ಸಾಪ, ಅಂದರೆ ಮಟ್ಟಸವಾದ, ನೆಲದ ಮೇಲೆ ನಿಂತಿರಬೇಕು. ಅದು ಖರೆ. ಆದರೆ ನಾನು ಲಾರಿ ಒಯ್ದು ನಿಲ್ಲಿಸಿದ ಅವರ ಓಣಿ ಇಳಿಜಾರು. ಲಾರಿಯ ಮುಖ ಮೇಲೆ ಮಾಡಿ ಬೋಲ್ಟು ಬಿಚ್ಚಿದರೆ ಎಣ್ಣೆ ಹೊರಗೆ ಸುರಿಯಿತು. "ಹೆಚ್ಚಾಗೈತಿ," ಅಂದರು. ಮುಖ ಕೆಳಗೆ ಮಾಡಿದರೆ ಬೆರಳಿಗೆ ಎಣ್ಣೆಯೇ ಹತ್ತಲಿಲ್ಲ. "ಕಡಿಮಿ ಐತಿ," ಅಂದ ಅವರ ತಮ್ಮ.

ಸಾಪ ನೆಲ ಹುಡುಕಲು ಗೌಂಡಿಯನ್ನು ಕರೆಸಿದರು. ಅವರ ಹೊಸ ಮನೆ ಕಟ್ಟಿದವನು ಅವನೇ. ಮಟ್ಟ ನೋಡಲು ನೀರು ತುಂಬಿದ ಪೈಪು ಹಿಡಿದು ಬಂದ.

"ನಮ್ಮ ಮನಿ ಕಟ್ಟಿಯಿಂದ ಅಳತಿ ಹಿಡಿಯೋ," ಅಂದರು ರೈತರು. "ಅದಂತೂ ಸಾಪ ಐತಿ."

ಗೌಂಡಿ ತಲೆ ಕೆರೆದುಕೊಂಡ. "ಕಟ್ಟಿ ಬ್ಯಾಡ್ರಿ ಯಜಮಾನ್ರ. ಗುಡಿ ಕಡಿಂದ ಹಿಡಿಯೂಣು."

"ಹಿಡಿಯೋ ಅಂದ್ರ!"

ಹಿಡಿದ. ಪೈಪಿನ ನೀರು ಸುಳ್ಳು ಹೇಳಲಿಲ್ಲ. ಕಟ್ಟೆ ಒಂದು ಕಡೆ ನಾಲ್ಕು ಬೆರಳು ತಗ್ಗು.

"ಮಳಿ ನೀರು ಹರದು ಹೋಗಲಿ ಅಂತ ಇಳಿಜಾರ ಇಟ್ಟೇನ್ರಿ," ಅಂದ ಗೌಂಡಿ.

"ಲೇ, ಬಾಗಲದ ಕಡೆ ಇಟ್ಟೀಯಲ್ಲೋ!"

ಲಾರಿಯನ್ನು ಕೇಳುವವರು ಯಾರೂ ಉಳಿಯಲಿಲ್ಲ. ಬೋಲ್ಟು ಬಿಗಿದು ಗಾಡಿ ಚಾಲೂ ಮಾಡಿದೆ. ಕನ್ನಡಿಯಲ್ಲಿ ನೋಡಿದರೆ ಅಣ್ಣ ತಮ್ಮ ಕಟ್ಟೆಯ ಮೇಲೆ ನಿಂಬೆಹಣ್ಣು ಇಟ್ಟು ಕೈ ಬಿಡುತ್ತಿದ್ದರು, ಅವರ ಅವ್ವ ಒಳಗಿನಿಂದ ಅದನ್ನು ಎತ್ತಿ ತಂದು ಕೊಡುತ್ತಿದ್ದಳು.

ಸಪ್ಪಳ ಇಲ್ಲದ ಲಾರಿ

ಪಾಸಿಂಗ್ ಮುಗಿಯಲು ಎರಡು ದಿನ ಉಳಿದಾಗ ಮುಂಡರಗಿಯಿಂದ ಕರೆ ಬಂತು, ಲಾರಿ ಒಯ್ದೆ. ಗೋವಿನಜೋಳದ ವ್ಯಾಪಾರಿ. ಹಿಂದೆ ಯಾರೋ ಮೋಸ ಮಾಡಿ ಒಂದು ಕೆಟ್ಟ ಲಾರಿಯನ್ನು ಅವರ ತಲೆಗೆ ಕಟ್ಟಿದ್ದರು. ಸವೆದ ಡಿಫ್ರೆನ್ಸಿನೊಳಗೆ ಕಟ್ಟಿಗೆ ಕೊಯ್ದ ಹೊಟ್ಟು ತುಂಬಿದರೆ ಸಪ್ಪಳ ಅಡಗುತ್ತದೆ. ನಾಲ್ಕು ದಿನ ಬಿಟ್ಟು ಮತ್ತೆ ಊಳಿಡುತ್ತದೆ. ಅಂದಿನಿಂದ ಅವರು ಸಪ್ಪಳ ಇಲ್ಲದ ಲಾರಿಯನ್ನು ನಂಬುವುದು ಬಿಟ್ಟಿದ್ದರು. ನನ್ನದಕ್ಕೆ ಸಪ್ಪಳ ಇರಲಿಲ್ಲ.

"ಏನ್ ತುಂಬೀರಿ?" ಅಂತಲೇ ಮಾತು ಶುರು ಮಾಡಿದರು.

ಎಣ್ಣೆಯನ್ನೆಲ್ಲ ಪರಾತದಂಥ ದೊಡ್ಡ ತಟ್ಟೆಗೆ ಇಳಿಸಿ, ಮನೆಯಿಂದ ಹಿಟ್ಟಿನ ಜರಡಿ ತಂದು ಸೋಸಿದರು. ಹೊಟ್ಟು ಸಿಗಲಿಲ್ಲ.

"ಹಂಗಾರ ಬಾಳಿಹಣ್ಣು ತುಂಬಿರಬೇಕು. ಕರಗಿ ಹೋಗೈತಿ."

ಒಳಗಿನಿಂದ ಮನೆಯವರ ಧ್ವನಿ ಬಂತು: "ಆ ಜರಡಿ ಇನ್ನ ಒಳಗ ತರಬ್ಯಾಡ್ರಿ! ಲಾರಿ ಜೋಡಿನs ಸಂಸಾರ ಮಾಡ್ರಿ!"

"ಎಣ್ಣಿ ಹೊಸದೈತಿ," ಅಂದರು ಇವರು. "ಹಳೇದರಾಗ ಏನಿತ್ತು ಅಂತ ಬದಲಿ ಮಾಡಿದ್ರಿ?"

"ಹಳೇದs ಇದ್ದಿದ್ರ?"

"ಯಾಕ ಬದಲಿ ಮಾಡಿಲ್ಲ ಅಂತ ಕೇಳತಿದ್ದೆ."

ಎಣ್ಣೆ ಮತ್ತೆ ತುಂಬಿ, ಕಪ್ಪತಗುಡ್ಡದ ಕಡೆ ಒಂದು ಸುತ್ತು ಹೊಡೆದೆವು. ಗುಜರಿಯವನ ಮುಖ ನನ್ನ ಕಣ್ಣ ಮುಂದೆಯೇ ಇತ್ತು. ಅಷ್ಟರಲ್ಲಿ ಒಂದು ತಗ್ಗಿನಲ್ಲಿ ಲಾರಿ ಇಳಿದೆದ್ದಾಗ ಹಿಂದಿನಿಂದ ಕಟಕಟ ಅಂತು. ವ್ಯಾಪಾರಿಯ ಮುಖ ಬೆಳಗಿತು.

"ಐತಿ! ಸಪ್ಪಳ ಐತಿ!"

"ಅದು ಡಿಫ್ರೆನ್ಸ್ ಅಲ್ರಿ. ಜಾಕಿನ ರಾಡು, ಕೆಳಗ ತೂಗಹಾಕೇನಿ, ಬಡೀತೈತಿ."

"ಸುಮ್ನಿರ್ರಿ. ಮಾರಾವ್ರು ಹಂಗs ಅಂತಾರ. ಇಷ್ಟ ಸಣ್ಣ ಸಪ್ಪಳ ಇದ್ರ ಒಳಗ ಏನೂ ತುಂಬಿಲ್ಲ ಅಂತ ಅರ್ಥ. ನನಗ ಒಪ್ಪಿಗಿ."

ಖರೆ ಹೇಳಿದೆ, ನಂಬಲಿಲ್ಲ. ಎರಡನೇ ಸಲ ಹೇಳುವುದು ವ್ಯಾಪಾರವಲ್ಲ. ಆ ಸಪ್ಪಳದ ಹೆಸರಿನಲ್ಲಿ ರೇಟು ಸ್ವಲ್ಪ ಇಳಿಸಿದರು. ಇಳಿಸಲಿಕ್ಕೆ ನಾನೂ ಜಾಗ ಇಟ್ಟಿದ್ದೆ. ಲಾರಿ ಹೋಯಿತು, ಪಾಸಿಂಗ್ ಅವರೇ ಮಾಡಿಸಿಕೊಂಡರು.

ಹದಿನೈದು ದಿನದ ಮೇಲೆ ಅದೇ ವ್ಯಾಪಾರಿಯ ಫೋನು.

"ನೀವೂ ಅಂಥವ್ರ ಅಂತ ತಿಳಿದಿರಲಿಲ್ಲ ಬಿಡ್ರಿ. ಸಪ್ಪಳ ನಿಂತಬಿಟ್ಟೈತಿ! ಏನ್ ತುಂಬಿದ್ರಿ, ಖರೆ ಹೇಳ್ರಿ."

"ಲಾರಿಯಿಂದ ಏನಾರ ತಗದೀರೇನು?"

"ಏನೂ ಇಲ್ಲ. ನಿನ್ನೆ ಪಂಚರ್ ಆಗಿತ್ತು, ಆ ಜಾಕಿನ ರಾಡು ಕ್ಯಾಬಿನ್ನಿನ್ಯಾಗ ಇಟ್ಟೀವಿ, ಅಷ್ಟ."

"ಅದನ್ನ ಮೊದಲಿದ್ದಲ್ಲೆ ತೂಗಹಾಕಿ ಒಂದು ಸುತ್ತು ಹೊಡೀರಿ."

ಫೋನು ಚಾಲೂ ಇಟ್ಟುಕೊಂಡೇ ಹೊರಟರು. ಇಂಜಿನ್ನು ಗುರುಗುಟ್ಟಿತು, ತಗ್ಗು ಬಂತು, ಕಟಕಟ ನನಗೂ ಕೇಳಿತು. ಆ ಕಡೆ ದೊಡ್ಡ ಉಸಿರು.

"ಹಾಂ, ಬಂತ್ರಿ! ಈಗ ಜೀವ ಸಮಾಧಾನ ಆತು. ಆದ್ರ ಒಂದು ಮಾತು. ಗದಗಿನ್ಯಾಗ ಕುಂತು ಮುಂಡರಗಿ ಲಾರಿ ಸಪ್ಪಳ ತಿರುಗಿ ಬರಸ್ತೀರಿ ಅಂದ್ರ, ನೀವು ಸಾಮಾನ್ಯ ಮನಶ್ಯಾ ಅಲ್ಲ ಬಿಡ್ರಿ!"