ಪಂಚರ್ ಅಂಗಡಿಯ ಗಾಳಿ

"ಆಯುಧಪೂಜೆ ದಿನ ಕುಂಬಳಕಾಯಿ ಒಡೀದೆ ಇಂಜಿನ್ ಕೂಗಿಸ್ತೀಯಾ ಜವರಣ್ಣ? ಊರಿಗೇ ಕೇಡು," ಎಂದಳು ಟೀ ಅಂಗಡಿಯ ಗಂಗಾಮಣಿ.

ಜವರಯ್ಯನ ಕೈ ಆಗಲೇ ಸೀಟಿಯ ಸರಪಳಿಯ ಮೇಲಿತ್ತು. ಆನೇಮಹಲ್ ರಸ್ತೆಯ ರೆಸಾರ್ಟಿನವರು ಗುಜರಿಯಿಂದ ತಂದು ಗೇಟಿನ ಮುಂದೆ ನಿಲ್ಲಿಸಿದ ಈ ಬ್ರಿಟಿಷರ ಕಾಲದ ಉಗಿ ಇಂಜಿನ್ನಿಗೆ ಒಂದು ಕಾಲದಲ್ಲಿ ಕಲ್ಲಿದ್ದಲು ಹಾಕುತ್ತಿದ್ದವನು ಅವನೇ. ಅಕ್ಕಿಮೂಟೆ ಹೊತ್ತ ಮುದುಕನ ಹಾಗೆ ಏದುಸಿರು ಬಿಡುತ್ತ ಘಟ್ಟ ಹತ್ತುತ್ತಿದ್ದ ಇಂಜಿನ್ನು. ಈಗ ಅದರ ಹೊಗೆಗೊಳವೆಯಲ್ಲಿ ಮೈನಾ ಗೂಡು, ಕಲ್ಲಿದ್ದಲು ತುಂಬುವಲ್ಲಿ ಗುಲಾಬಿ ಗಿಡ. ಸಾಯುವ ಮೊದಲು ಅದು ಇನ್ನೊಂದು ಸಲ ಕೂಗುವುದನ್ನು ಕೇಳಬೇಕು, ಜವರಯ್ಯನಿಗೆ ಅದೊಂದೇ ಆಸೆ.

ಉಗಿ ಇಲ್ಲದಿದ್ದರೇನು, ಗಾಳಿ ಸಾಕು ಎಂದಿದ್ದ ಪಂಚರ್ ಅಂಗಡಿಯ ರವಿ. ಲಾರಿ ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ತಂದು, ಪೈಪನ್ನು ಸೀಟಿಯ ಬುಡಕ್ಕೆ ಬಿಗಿದು, ರೆಸಾರ್ಟ್ ಮ್ಯಾನೇಜರನ್ನೂ ಒಪ್ಪಿಸಿದ್ದ.

"ಒಂದೇ ಸಲ ಕೂಗಿಸ್ಬುಡ್ತೀನಿ ತಾಯಿ, ಆಮೇಲೆ ಕಾಯಿ ತತ್ತೀನಿ."

"ಬ್ಯಾಡ. ನಿಮ್ಮನೇಲೇ ಬೆಳ್ದೈತಲ್ಲ, ಹೋಗಿ ತಗಂಬಾ. ನಾವೇನು ಇಂಜಿನ್ ಹೊತ್ಕೊಂಡು ಓಡೋಗ್ತೀವಾ?"

ಸುತ್ತ ನಿಂತವರು ನಕ್ಕರು. ಜವರಯ್ಯ ಮಂಡಿ ಹಿಡಿದುಕೊಂಡು ಇಳಿದು ಧರ್ಮನ ಆಟೋ ಹತ್ತಿದ. ಬಾಳೆಕಂದು ಕಟ್ಟಿಸಿಕೊಂಡ ಆಟೋದಲ್ಲಿ, ಹಬ್ಬಕ್ಕೆಂದು ಹಾಕಿಸಿದ ಹೊಸ ಸ್ಪೀಕರ್ ಕಿವಿಯ ಪಕ್ಕದಲ್ಲೇ ಬೊಬ್ಬಿಡುತ್ತಿತ್ತು.

"ವಸಿ ಕಮ್ಮಿ ಮಾಡೋ ಮಾರಾಯ."

"ಹಬ್ಬ ಕಣಣ್ಣ, ಇವತ್ತೊಂದಿನ ತಡ್ಕ," ಎಂದು ಧರ್ಮ ಇನ್ನಷ್ಟು ಏರಿಸಿದ.

ಮನೆ ಮುಂದೆ ಇಳಿದರೆ ಬಚ್ಚಲಿನಿಂದ ಹೊಗೆ ಏಳುತ್ತಿದೆ. ಹೆಂಡತಿ ಮಾದೇವಮ್ಮ ಊದುಗೊಳವೆ ಹಿಡಿದು ಹಂಡೆ ಒಲೆಯ ಮುಂದೆ ಕೂತಿದ್ದಾಳೆ.

"ಬೆಳಿಗ್ಗೆನೇ ಎಣ್ಣೆನೀರು ಆಯ್ತಲ್ಲೇ. ಮತ್ಯಾಕೆ ಒಲೆ?"

"ಇಂಜಿನ್ ಕೂಗ್ತಲ್ಲ. ಆಗೆಲ್ಲ ಡ್ಯೂಟಿ ಮುಗಿಸಿ ಬರೋವಾಗ ತಿರುವಲ್ಲಿ ಕೂಗಿಸ್ತಿದ್ರಲ್ಲ, ನೀರು ಕಾಯ್ಸು ಅಂತ. ಈಗ ಅದು ಕೂಗಿದ್ದೇ, ಕೈ ತಾನಾಗೇ ಒಲೆ ಹಚ್ಬುಡ್ತು. ನಿಮಗೆ ಕೇಳ್ಲಿಲ್ವಾ?"

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ರವಿ.

"ಬೈಬ್ಯಾಡ ಕಣಣ್ಣ. ನೀನು ಬಂದಾಗ ಕೈಕೊಡಬಾರ್ದು ಅಂತ ಒಂದು ಟ್ರಯಲ್ ನೋಡಿದ್ವಿ. ಆನೇಮಹಲೇ ನಡುಗೋಯ್ತು. ಆದ್ರೆ ಸೀಟಿ ಸಿಡಿದು ಎರಡು ಹೋಳಾಗ್ಬುಡ್ತು."

"ಕುಂಬಳಕಾಯಿ?"

"ಟ್ರಯಲ್‌ಗೆ ನಿಂಬೆಹಣ್ಣು ಸಾಕು ಅಂದ್ಲು ಗಂಗಕ್ಕ."

ಜವರಯ್ಯ ಫೋನನ್ನು ಜೇಬಿಗೆ ಹಾಕಿ ಹೆಂಡತಿಯ ಕಡೆ ತಿರುಗಿದ.

"ಹೆಂಗಿತ್ತೇ ಕೂಗು?"

"ಹಂಗೇ ಇತ್ತು," ಎಂದಳು ಮಾದೇವಮ್ಮ. "ನೀವೇ ಬಂದ್ರೇನೋ ಅನ್ನಿಸ್ತು."

ಒಲೆ ಆರುವಂತಿತ್ತು. ಜವರಯ್ಯ ಅವಳ ಕೈಯಿಂದ ಊದುಗೊಳವೆ ತೆಗೆದುಕೊಂಡು, ಕುಕ್ಕುರುಗಾಲಲ್ಲಿ ಕೂತು, ಸೌದೆಯನ್ನು ಒಳಕ್ಕೆ ದೂಡಿ ಊದತೊಡಗಿದ.