ದಂಪತಿ ವಿಭಾಗದಲ್ಲಿ ತಿದ್ದಪ್ಪ

ಗಂಡ ಹೆಂಡತಿ ಒಂದೇ ಸೂರಿನಡಿ ಬಾಳುತ್ತಾರೆ ಎಂಬುದು ಲೋಕದ ನಂಬಿಕೆ. ತಿದ್ದಪ್ಪ ಮತ್ತು ಅವನ ಹೆಂಡತಿ ಬಾಳುತ್ತಿದ್ದದ್ದು ಮೆಟ್ಟಿಲ ಮೇಲೆ. ಅವಳು ಸಿಟಿ ಬಸ್ಸಿನ ಡ್ರೈವರು. ಕೋಳಿ ಕೂಗುವ ಮೊದಲೇ ಡಿಪೋ ಸೇರಿ ಮೊದಲ ಬಸ್ಸು ತೆಗೆಯುವವಳು. ಅವನು ಪತ್ರಿಕೆಯ ಕಚೇರಿಯಲ್ಲಿ ಅಚ್ಚಿನ ತಪ್ಪು ತಿದ್ದುವವನು (ಆ ಹೆಸರು ಬಂದದ್ದೂ ಹಾಗೆಯೇ, ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು). ಮಧ್ಯಾಹ್ನ ಅವಳು ಮೆಟ್ಟಿಲು ಹತ್ತುವ ಹೊತ್ತಿಗೆ ಸರಿಯಾಗಿ ಅವನು ಇಳಿಯುತ್ತಿದ್ದ.

"ಗ್ಯಾಸ್ ಬಂತಾ?"

"ಬಂತು."

"ಮಾತ್ರೆ ತಗೊಂಡ್ರಾ?"

"ತಗೊಂಡೆ."

ಅಲ್ಲಿಗೆ ಆ ದಿನದ ದಾಂಪತ್ಯ ಸಂಪನ್ನ. ವಾರದ ರಜೆಯಾದರೂ ಕೂಡಿಬಂದೀತೇ ಎಂದರೆ, ಅವಳದ್ದು ಬುಧವಾರ, ಇವನದ್ದು ಶನಿವಾರ. ಹೇಳಬೇಕೆಂದುಕೊಂಡ ಮಾತುಗಳು ತಿದ್ದಪ್ಪನ ಎದೆಯಲ್ಲಿ ಹಳೇ ಪೇಪರಿನಂತೆ ಕಟ್ಟುಕಟ್ಟಾಗಿ ಬಿದ್ದಿದ್ದವು. ಅವರ ಜೊತೆಗಿದ್ದ ಅವನ ಅತ್ತೆ ಕರುಣಾಳು. "ಅದೇನಿದ್ರೂ ನನ್ನ ಹತ್ರ ಹೇಳಿ ಅಳಿಯಂದ್ರೇ, ಅವಳು ಬಂದ ಮೇಲೆ ನಾನು ಹೇಳ್ತೀನಿ" ಎನ್ನುತ್ತಿದ್ದರು. ಆದರೆ ಕೆಲವು ಮಾತುಗಳನ್ನು ಅತ್ತೆಯ ಮುಖಾಂತರ ಕಳಿಸಲಾಗುವುದಿಲ್ಲ.

ಹೀಗಿರುವಾಗ ಒಂದು ಸಂಜೆ ತಿದ್ದಪ್ಪನ ಮೇಜಿಗೆ ಒಂದು ಜಾಹೀರಾತು ಬಂತು: 'ದಂಪತಿಗಳಿಗಾಗಿ ಅಡೆತಡೆ ಊಟ'. ಅದರಲ್ಲೇನು ವಿಶೇಷ, ಎಲ್ಲ ಮನೆಯಲ್ಲೂ ನಡೆಯುವಂಥದ್ದೇ ಎಂದುಕೊಂಡವನು ಮುಂದೆ ಓದಿದ. ಕೆಸರಿನಲ್ಲಿ ತೆವಳಬೇಕು, ಹಗ್ಗ ಹತ್ತಬೇಕು, ಗೋಡೆ ದಾಟಬೇಕು, ಗಂಡ ಹೆಂಡತಿ ಜೊತೆಯಾಗಿಯೇ ಗುರಿ ಮುಟ್ಟಬೇಕು. ಊಟವನ್ನು ಓಟ ಮಾಡಿದ. ಆದರೆ 'ಜೊತೆಯಾಗಿಯೇ' ಎಂಬಲ್ಲಿಂದ ಅವನ ಪೆನ್ನು ಮುಂದೆ ಹೋಗಲಿಲ್ಲ.

ಮರುದಿನ ಮೆಟ್ಟಿಲ ಮೇಲೆ ವಿಷಯ ತೆಗೆದ.

"ಓಡೋದಾ? ನಾನಾ? ಈಗ ತಾನೇ ಊರೆಲ್ಲ ಓಡಿಸಿ ಬಂದಿದೀನಿ ಕಣ್ರೀ."

"ಓಡಿದ್ದು ಬಸ್ಸು. ನೀನು ಕೂತೇ ಇದ್ಯಲ್ಲ."

ತಪ್ಪು ತಿದ್ದುವವನ ಬಾಯಿಂದಲೇ ಇಂಥ ತಪ್ಪು ಬೀಳಬಾರದಿತ್ತು. ಅವಳು ಚೀಲ ಕೆಳಗಿಟ್ಟಳು. "ಕೂತೇ ಇದ್ನಾ? ಸರಿ. ಹೆಸರು ಕೊಡಿ. ಯಾರು ಕೂರ್ತಾರೆ, ಯಾರು ಓಡ್ತಾರೆ ನೋಡೇಬಿಡೋಣ."

ಅವಳು ಡಿಪೋದಲ್ಲಿ ಒಂದು ಮಾತು ಕೇಳಿ ಓಟ ಮುಗಿಯುವವರೆಗೆ ಪಾಳಿ ಬದಲಿಸಿಕೊಂಡು ಬಂದಳು. ಒಂದೇ ಒಂದು ಮಾತು! ಇಷ್ಟು ವರ್ಷ ಅದನ್ನು ಅವಳೂ ಕೇಳಿರಲಿಲ್ಲ, ಕೇಳು ಎಂದು ಇವನೂ ಹೇಳಿರಲಿಲ್ಲ. ತಿದ್ದಪ್ಪನಿಗೆ ಖುಷಿಯ ಜೊತೆಗೇ ಎಲ್ಲೋ ಒಂದು ಮುಳ್ಳು ಚುಚ್ಚಿದಂತಾಯಿತು.

ಬೆಳಗಾದರೆ ಪಾರ್ಕು. ಒಂದು ಸುತ್ತು ಓಡುವುದು, ನಿಂತಲ್ಲೇ ಬಸ್ಕಿ. ಮತ್ತೊಂದು ಸುತ್ತು, ಹುಲ್ಲಿನ ಮೇಲೆ ದಂಡ. ಇನ್ನೊಂದು ಸುತ್ತು, ಉಯ್ಯಾಲೆಯ ಕಂಬಿಗೆ ಜೋತಾಟ. ಆಮೇಲೆ ಕಲ್ಲುಬೆಂಚಿನ ಕೆಳಗೆ ತೆವಳಾಟ. ಓಡಿ ದಣಿದ ಮೈಯಲ್ಲೇ ಕೈಕಾಲಿನ ಕಸರತ್ತು ಮಾಡಿದರೆ ಮಾತ್ರ ಅಡೆತಡೆ ದಾಟುವ ಶಕ್ತಿ ಬರುತ್ತದೆ ಎಂದು ತಿದ್ದಪ್ಪನೇ ಓದಿ ಹೇಳಿದ್ದ. ಬಸ್ಸಿನವಳಿಗೆ ಬಸ್ಕಿ ಯಾವ ಲೆಕ್ಕ! ಕ್ಲಚ್ಚು ತುಳಿದು ತುಳಿದು ಅವಳ ಕಾಲು ಕಬ್ಬಿಣವಾಗಿತ್ತು. ತಿದ್ದಪ್ಪ ಹೊಡೆದದ್ದು ಮಾತ್ರ ಎಲ್ಲವೂ ದಂಡ.

ಅವನ ಎಣಿಕೆಯಿದ್ದದ್ದು ಬೇರೆ. ಪಕ್ಕಪಕ್ಕ ಓಡುತ್ತ ಮನಸ್ಸಿನ ಕಟ್ಟುಗಳನ್ನೆಲ್ಲ ಬಿಚ್ಚಬೇಕು ಎಂದುಕೊಂಡಿದ್ದ.

"ನೋಡು... ನಮ್ಮ ಮದುವೆಯಾದ... ಹೊಸದ್ರಲ್ಲಿ..."

"ಮಾತು ಬೇಡ, ಉಸಿರು ಉಳಿಸ್ಕೊಳ್ಳಿ!" ಎಂದು ಅವಳು ಮುಂದಿನ ತಿರುವಿನಲ್ಲಿ ಮಾಯ.

ಆದರೂ ಓಟ ಮುಗಿದ ಮೇಲೆ ಬೆಂಚಿನ ಮೇಲೆ ಕೂತು ಒಂದೇ ಬಾಟಲಿಯ ನೀರು ಹಂಚಿಕೊಳ್ಳುವ ಹೊತ್ತೊಂದಿತ್ತು. ಒಂದು ದಿನ ಅವಳು ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದಾಗ ಅವಳ ಕಿವಿಯ ಹಿಂದೆ ಒಂದು ಹಿಡಿ ಬಿಳಿಗೂದಲು ಕಂಡಿತು. ಅದು ಯಾವಾಗ ಬಂತೋ. ಊರವರ ಕೊಂಬು, ಒತ್ತು, ದೀರ್ಘಗಳನ್ನೆಲ್ಲ ಹುಡುಕಿ ಹಿಡಿಯುವ ಕಣ್ಣು ಇದೊಂದನ್ನು ಬಿಟ್ಟುಬಿಟ್ಟಿತ್ತು. ಅವನು ಬಾಟಲಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತ ಕೂತ.

"ಏನ್ರೀ ಹಾಗೆ ನೋಡ್ತೀರಾ?"

"ಏನಿಲ್ಲ. ಉಸಿರು ಉಳಿಸ್ಕೊಳ್ತಿದೀನಿ."

ಓಟದ ದಿನ ಬಂದೇ ಬಂತು. ಅತ್ತೆ ಕೊಡೆ ಹಿಡಿದು ಹಗ್ಗದಾಚೆ ನಿಂತು, "ಅಳಿಯಂದ್ರನ್ನ ಹಿಂದೆ ಬಿಡಬೇಡ ಕಣೇ!" ಎಂದು ಕೂಗಿದರು. ಕೆಸರಿನಲ್ಲಿ ತಿದ್ದಪ್ಪ ಚೆನ್ನಾಗಿಯೇ ತೆವಳಿದ (ಕಚೇರಿಯ ಅನುಭವ). ಹಗ್ಗವನ್ನು ಹೇಗೋ ಹತ್ತಿದ. ಗೋಡೆ ಬಂದಾಗ ಅವಳು ಓಡಿಬಂದ ರಭಸಕ್ಕೇ ಚಿಮ್ಮಿ ಮೇಲೇರಿ, ಕಾಲು ಇಳಿಬಿಟ್ಟು ಕೂತು ಕೈ ಚಾಚಿದಳು. ಸ್ಟೇರಿಂಗು ಹಿಡಿದು ಗಟ್ಟಿಯಾದ ಅಂಗೈ. ಎಷ್ಟು ಕಾಲವಾಗಿತ್ತು ಆ ಕೈ ಹಿಡಿದು! ಮೇಲೆ ಬಂದವನು ಅವಳ ಪಕ್ಕದಲ್ಲಿ ಕೂತ. ಕೂತೇಬಿಟ್ಟ.

"ಇಳೀರಿ! ಹಿಂದಿನವರು ಬಂದ್ರು!"

"ಸ್ವಲ್ಪ ಕೂತ್ಕೊಳ್ಳೋಣ್ವಾ?"

"ರೀ, ಇದು ಓಟ!"

"ಗೊತ್ತು. ಇಳಿದ್ರೆ ಮುಗಿದೇ ಹೋಗುತ್ತಲ್ಲ. ನಾಳೆಯಿಂದ ಮತ್ತೆ ನೀನು ಹತ್ತೋದು, ನಾನು ಇಳಿಯೋದು."

ಅವಳು ಕೆಸರು ಮೆತ್ತಿದ ತೋಳಿನಿಂದ ಮುಖ ಒರೆಸಿಕೊಳ್ಳಲು ಹೋಗಿ ಇನ್ನಷ್ಟು ಮೆತ್ತಿಕೊಂಡಳು. ಎಡಕ್ಕೆ ಒಂದು ಜೋಡಿ ದಾಟಿತು, ಬಲಕ್ಕೆ ಇನ್ನೊಂದು. ಇಬ್ಬರೂ ಕಾಲಾಡಿಸುತ್ತ ಕೂತಿದ್ದರು. ಕೊನೆಗೆ ಆಯೋಜಕರೇ ಕೆಳಗೆ ಬಂದು, "ಅಣ್ಣಾ, ಗೋಡೆ ಬಿಚ್ಚಬೇಕು" ಎಂದು ವಿನಯದಿಂದ ಕೇಳಿಕೊಂಡರು. ಎಲ್ಲರಿಗಿಂತ ಕೊನೆಯವರಾಗಿ ಗುರಿ ಮುಟ್ಟಿದ ದಂಪತಿಗೆ ಅತ್ತೆಯೊಬ್ಬರೇ ಚಪ್ಪಾಳೆ ತಟ್ಟಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ತಿದ್ದಪ್ಪನಷ್ಟು ಭಾಗ್ಯವಂತ ಇನ್ನೊಬ್ಬನಿರುತ್ತಿರಲಿಲ್ಲ. ಆದರೆ ಅವಳು ಗೋಡೆಗೆ ಚಿಮ್ಮಿದ್ದನ್ನು ಜನರ ನಡುವೆ ನಿಂತಿದ್ದ ಡಿಪೋ ಮ್ಯಾನೇಜರು ನೋಡಿದ್ದರು. ವಾರ ತುಂಬುವುದರೊಳಗೆ ಡಿಪೋದ ಅಡೆತಡೆ ಓಟದ ತಂಡ ಹುಟ್ಟಿತು, ಡ್ರೈವರಮ್ಮನೇ ನಾಯಕಿ. ತಂಡದವರಿಗೆಲ್ಲ ಮಧ್ಯಾಹ್ನದ ಪಾಳಿ, ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಅಭ್ಯಾಸ.

"ನೀವೂ ಬನ್ರೀ, ಮನೇಲಿ ಕೂತು ಏನು ಮಾಡ್ತೀರಾ?" ಎಂದಳು.

ತಿದ್ದಪ್ಪ ಹಕ್ಕಿಯ ಹಾಗೆ ಹಾರಿಕೊಂಡು ಹೋದ. ಹೋದೊಡನೆ ನಾಯಕಿ ಅವನನ್ನು ಬೆಂಚಿನ ಮೇಲೆ ಕೂರಿಸಿ, ಇಡೀ ತಂಡದ ಚೀಲ, ಚಪ್ಪಲಿ, ನೀರಿನ ಬಾಟಲಿಗಳನ್ನು ಅವನ ಸುತ್ತ ಪೇರಿಸಿದಳು. "ಜೋಪಾನ, ನಾಯಿ ಬರುತ್ತೆ."

ತಂಡ ಓಡಿತು. ಒಂದು ಸುತ್ತು ಮುಗಿಸಿ ಬೆಂಚಿನ ಬಳಿ ಬಂದಾಗ ಅವಳು ವೇಗ ತಗ್ಗಿಸದೆಯೇ, "ರೀ, ಬೆಳಿಗ್ಗೆಯಿಂದ ನಿಮಗೊಂದು ಮಾತು ಹೇಳ್ಬೇಕು ಅಂತಿದೀನಿ..." ಎನ್ನುತ್ತ ಹೊರಟುಹೋದಳು.

ತಿದ್ದಪ್ಪ ತೊಡೆಯ ಮೇಲಿನ ಚೀಲಗಳನ್ನು ತಬ್ಬಿಕೊಂಡು ತಿರುವಿನತ್ತ ಕಣ್ಣು ನೆಟ್ಟ. ಎರಡನೇ ಸುತ್ತು ಬಂತು.

"...ಎಲ್ಲರ ಮುಂದೆ ಹೇಳೋಕೆ ಒಂಥರಾ ಆಯ್ತು..."

ಅಬ್ಬ! ಅವನು ತಲೆಗೂದಲು ಸವರಿಕೊಂಡ. ಗಂಟಲು ಸರಿಮಾಡಿಕೊಂಡ. ಹತ್ತಿರ ಸುಳಿದ ನಾಯಿಗೂ ಪ್ರೀತಿಯಿಂದಲೇ ಹಚಾ ಎಂದ. ಮೂರನೇ ಸುತ್ತಿಗೆ ಅವಳು ಬಂದಳು, ಮುಖ ಕೆಂಪೇರಿತ್ತು.

"...ಅಂಗಿ ಗುಂಡಿ ಮೇಲೆ ಕೆಳಗೆ ಹಾಕ್ಕೊಂಡು ಬಂದಿದೀರಲ್ರೀ!"

ತಿದ್ದಪ್ಪ ಬಗ್ಗಿ ನೋಡಿಕೊಂಡ. ನಿಜ. ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ತಪ್ಪು. ಕೈ ಅಭ್ಯಾಸಬಲದಿಂದ ಗುಂಡಿಯತ್ತ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಇದೊಂದನ್ನು ತಿದ್ದದೆ ಬಿಟ್ಟರೆ, ಮುಂದಿನ ಸುತ್ತಿಗೆ ಬೈಯುವುದಕ್ಕಾದರೂ ಅವಳು ಒಂದು ಗಳಿಗೆ ನಿಂತಾಳು ಎಂದು ಚೀಲಗಳ ನಡುವೆ ಹಾಗೆಯೇ ಕೂತ.