ಗೆಟ್ಟವಾಡಿಗೆ ಹೋದ ಮುಖ

ಕಾಡಿನ ಹುಲ್ಲು ಹೂ ಬಿಟ್ಟಿತೆಂದರೆ ತಾಳಮಲೆಯ ಶಿವಮಲ್ಲುವಿಗೆ ಸೀನು ಶುರು. ಹಿಡಿದರೆ ಒಂದಕ್ಕೇ ನಿಲ್ಲುವುದಿಲ್ಲ, ಹತ್ತು ಹನ್ನೆರಡು. ಅಂಥ ದಿನಗಳಲ್ಲಿ ಅವನು ಬಸ್ಸು ಹತ್ತುವವನೇ ಅಲ್ಲ. ಆದರೆ ಗೆಟ್ಟವಾಡಿಯಲ್ಲಿದ್ದ ಅಕ್ಕ ಶಾಂತಮಲ್ಲಮ್ಮನನ್ನು ಆಸ್ಪತ್ರೆಯವರು, ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿಬಿಟ್ಟಿದ್ದರು. ಹೋಗದೆ ಇರುವ ಹಾಗಿರಲಿಲ್ಲ.

ಅಕ್ಕ ಅವನೊಡನೆ ಮಾತು ಬಿಟ್ಟು ಹನ್ನೊಂದು ವರ್ಷ. ಅವ್ವ ಸತ್ತ ದಿನ ಮಳೆ ಹಿಡಿದುಕೊಂಡಿತ್ತು. ಅಕ್ಕನ ಬಸ್ಸು ಬರುವ ಮೊದಲೇ ಶಿವಮಲ್ಲು ಹೆಣ ಎತ್ತಿಸಿಬಿಟ್ಟಿದ್ದ.

"ಅವ್ವನ ಮೊಕ ನನಗ ಇಲ್ದಂಗ ಮಾಡ್ಬುಟ್ಟಲ್ಲ. ಮಾದಪ್ಪನಾಣೆಗೂ ನಿನ್ನ ಮೊಕ ನೋಡಿ ಮಾತಾಡಲ್ಲ ಕಣ್ಲಾ" ಎಂದು ಅಕ್ಕ ಮಣ್ಣು ಮಾಡಿದ ಹಸಿ ಗುಡ್ಡೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದಳು. ಆಮೇಲೆ ಮೂರು ಸಲ ಹೋಗಿದ್ದ. ಮೂರು ಸಲವೂ ಅವಳು ಗೋಡೆಯ ಕಡೆ ತಿರುಗಿಕೊಂಡಳು. ಈಗ ಅವನಿಗಿದ್ದದ್ದು ಒಂದೇ ಆಸೆ. ಉಸಿರು ಹೋಗುವ ಮುಂಚೆ ಅಕ್ಕ ಒಂದು ಮಾತಾಡಲಿ, ಬೈಗುಳವಾದರೂ ಸರಿ.

ಬಸ್ಸಿನಲ್ಲಿ ಮೂಗಿಗೆ ಟವಲು ಸುತ್ತಿ, ಕಿಟಕಿ ಮುಚ್ಚಿಕೊಂಡು ಕೂತ. ಪಕ್ಕದಲ್ಲಿ ಸೊಪ್ಪು ಮಾರುವ ಸೆಲ್ವಿ.

"ಅಣ್ಣಾ, ಒಟ್ಟ ತೊಳಸ್ತಾ ಅದ, ವಾಂತಿ ಬರಂಗದ" ಎಂದು ತಾನೇ ಕೈ ಚಾಚಿ ಕಿಟಕಿ ತೆರೆದಳು. ಗಾಳಿಯ ಜೊತೆ ಒಂದು ಕಡಜವೂ ಟಿಕೆಟ್ಟಿಲ್ಲದೆ ಒಳಬಂದು ಟವಲಿನ ಮಡಿಕೆಯಲ್ಲಿ ಕೂತಿತು. ಶಿವಮಲ್ಲು ಸೀನಿದ. ಕಡಜಕ್ಕೆ ಸಿಟ್ಟು ಬಂತು. ತುಟಿಗೊಂದು, ಎರಡು ರೆಪ್ಪೆಗೂ ಒಂದೊಂದು.

"ಸುಣ್ಣ ಅಚ್ಚನ, ಸುಣ್ಣ!" ಎಂದು ಸೆಲ್ವಿ ಎಲೆಯಡಿಕೆ ಚೀಲ ಬಿಚ್ಚಿದಳು.

"ಸುಣ್ಣಕ್ಕೆಲ್ಲ ಬಗ್ಗಲ್ಲ ಕಣಮ್ಮಿ, ಕಬ್ಬಿಣ ಉಜ್ಜಬೇಕು" ಎಂದು ಹಿಂದಿನ ಸೀಟಿನ ರಂಗಸ್ವಾಮಿ, ಡ್ರೈವರನ ಹತ್ತಿರ ಸ್ಪ್ಯಾನರ್ ಈಸಿಕೊಂಡು ಬಂದ. ಅವನು ಉಜ್ಜುತ್ತಿರುವಾಗಲೇ ಬಸ್ಸು ತಿರುವಿನಲ್ಲಿ ವಾಲಿತು. ಸ್ಪ್ಯಾನರ್ ಮೂಗಿನ ಮೇಲೆ ಬಿತ್ತು.

"ನೋವಾಯ್ತಾ?"

"ಕಡಜಾನೇ ವಾಸಿ ಕಣ್ಲಾ" ಎಂದ ಶಿವಮಲ್ಲು.

ತಾಳವಾಡಿಯಲ್ಲಿ ಇಳಿದು ಮೆಡಿಕಲ್ ಅಂಗಡಿಯವನು ಕೊಟ್ಟ ಮಾತ್ರೆ ನುಂಗಿದ. ಗೆಟ್ಟವಾಡಿ ಬಸ್ಸಿನಲ್ಲಿ ಅದು ನಿದ್ದೆ ಬರಿಸಿತು. ಊರು ದಾಟಿದ ಮೇಲೆ ಎಚ್ಚರವಾಗಿ, ಇಳಿದು, ಎರಡು ಮೈಲಿ ಹಿಂದಕ್ಕೆ ನಡೆದ. ಅಷ್ಟು ಹೊತ್ತಿಗೆ ಅವನ ಮುಖ ರಾಗಿ ಹೊಲದ ಬೆದರುಬೊಂಬೆಗೆ ಕವುಚಿದ ಮಡಕೆಯ ಹಾಗಾಗಿತ್ತು, ಸುಣ್ಣದ ಬೊಟ್ಟು ಸಮೇತ.

ಅಂಗಳದಲ್ಲೇ ನಾಲ್ಕು ಸಲ ಸೀನಿದ. ಬಾಗಿಲಲ್ಲಿ ಅಕ್ಕನ ಮಗಳು ಪರಿಮಳ ನಿಂತಿದ್ದಳು. "ಯಾರ್ ಬೇಕಾಗಿತ್ತು?"

"ನಾನು ಕಣವ್ವ, ಶಿವಮಲ್ಲು ಮಾವ."

ಪರಿಮಳ ಬಗ್ಗಿ ಬಗ್ಗಿ ನೋಡಿದಳು. ನಗು ಬಂದದ್ದಕ್ಕೆ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಒಳಗೆ ಏನೋ ಗುಸುಗುಸು. ಅಕ್ಕನ ಬೆನ್ನು ನೋಡಲು ಮನಸ್ಸು ಗಟ್ಟಿ ಮಾಡಿಕೊಂಡು ಶಿವಮಲ್ಲು ಹೊಸ್ತಿಲು ದಾಟಿದ.

ಚಾಪೆಯ ಮೇಲೆ ಅಕ್ಕ ಒಂದು ಹಿಡಿಯಷ್ಟಾಗಿದ್ದಳು. ಅವನ ಮುಖವನ್ನೇ ನೋಡಿ ಕೇಳಿದಳು: "ಬಾಪ್ಪ, ಕೂತ್ಕ. ಯಾವೂರು?"

ಗುರುತು ಸಿಕ್ಕಿಲ್ಲ! ನಾನೇ ಅಕ್ಕ, ಎನ್ನಲು ಬಾಯಿ ತೆರೆದ. ಹೇಳಿದರೆ ಮತ್ತೆ ಗೋಡೆಯೇ. "ತಾಳಮಲೆ" ಎಂದಷ್ಟೇ ಹೇಳಿದ.

"ಅಲ್ಲಿ ನನ್ನ ತಮ್ಮ ಒಬ್ಬ ಅವ್ನ. ದಡ್ಡ ಮುಂಡೇದು. ಆ ಮಳೇಲಿ ಎಣವ ಎಷ್ಟೊತ್ತು ಅಂತ ಮಡಿಕಂಡಾನು? ನನಗ ಆಮೇಲ ಗೊತ್ತಾಯ್ತು. ಅಷ್ಟೊತ್ಗ ಆಣೆ ಮಾಡ್ಬುಟ್ಟಿದ್ನಲ್ಲಪ್ಪ. ಮೂರು ಸಲ ಬಂದ. ನಾನು ಗೋಡ ಕಡ ತಿರಿಕಂಡು ಅಳ್ತಿದ್ದಿ. ಅವನಿಗೇನು ಗೊತ್ತು? ಏಳ್ತೀಯಾ ಅವನಿಗ?"

"ಏಳ್ತೀನಿ."

"ಉಲ್ಲು ಊವಾಗೋ ಕಾಲ್ದಲ್ಲಿ ಆಚ ಓಗ್ಬ್ಯಾಡ ಅನ್ನು. ಚಿಕ್ಕಂದಿಂದ್ಲೂ ಸೀನ್ತಾನ."

ಶಿವಮಲ್ಲುವಿನ ರೆಪ್ಪೆಗಳ ಸಂದಿಯಿಂದ ನೀರು ಸುರಿಯಿತು.

"ಯಾಕಪ್ಪ?"

"ಕಡಜ ಕಣವ್ವ."

"ಊಂ. ಕಡಜ ಕೆಟ್ಟದ್ದು" ಎಂದು ಅಕ್ಕ ಅವನ ಕೈ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಆಯಾಸಕ್ಕೆ ಕಣ್ಣು ಮುಚ್ಚಿದಳು.

ಜಗುಲಿಯಲ್ಲಿ ಪರಿಮಳ ಮಜ್ಜಿಗೆ ತಂದುಕೊಟ್ಟಳು. ಶಿವಮಲ್ಲುವಿಗೆ ಕುಣಿಯುವಷ್ಟು ಖುಷಿ. "ಗುರ್ತೇ ಸಿಕ್ನಿಲ್ಲ ಕಣವ್ವ! ಕ್ವಾಪ ಎಲ್ಲ ಓಗ್ಬುಟ್ಟದ. ಬೆಳಗ್ಗ ಊತ ಇಳೀಲಿ. ಸರ್ಯಾದ ಮೊಕದಲ್ಲಿ ಎದ್ರುಗ ಕೂತ್ಕಂಡು, ನಾನೇ ಅಕ್ಕ ಅಂತೀನಿ."

ಪರಿಮಳ ನೆಲ ನೋಡಿದಳು.

"ಮಾವ, ನಿಮ್ಮ ಸೀನು ಕೇಳಿದೇಟ್ಗೇ ಅವ್ವನಿಗ ಗೊತ್ತಾಯ್ತು. 'ಮೊಕ ಅವನದ್ದಾಗೇ ಅದಾ?' ಅಂತ ಕೇಳುದ್ಲು. 'ಎತ್ತ ತಾಯಿಗೂ ಗುರ್ತು ಸಿಗಲ್ಲ ಕಣವ್ವ' ಅಂತ ನಾನಂದಿ. 'ಅಂಗಾರ ಒಳಕ್ಕ ಕಳ್ಸು. ಆಣೆ ಮಾಡಿರದು ಅವನ ಮೊಕಕ್ಕ, ಈ ಮೊಕಕ್ಕಲ್ಲ. ಮಾದಪ್ಪ ಏನೂ ಅನ್ನಲ್ಲ' ಅಂದ್ಲು."

ಶಿವಮಲ್ಲು ಮುಖ ಮುಟ್ಟಿಕೊಂಡ. ಎಡಗಣ್ಣು ಆಗಲೇ ತೆರೆದುಕೊಂಡಿತ್ತು. ಮಜ್ಜಿಗೆಯ ಲೋಟ ಚೆನ್ನಾಗಿಯೇ ಕಾಣುತ್ತಿತ್ತು.

ಒಳಗಿನಿಂದ ಅಕ್ಕನ ದನಿ ಬಂತು. "ಪರಿಮಳಾ, ಆ ಯಪ್ಪನ ಊತ ಎಂಗದವ್ವ?"

ಪರಿಮಳ ಮಾವನ ಮುಖ ನೋಡಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇಳೀತಾ ಅದ ಕಣವ್ವ."

ಒಳಗೆ ಚಾಪೆ ಸರಕ್ಕೆಂದಿತು. ಅಕ್ಕ ಮೆಲ್ಲಗೆ, ನೋವು ತಡೆದುಕೊಂಡು, ಗೋಡೆಯ ಕಡೆ ತಿರುಗುತ್ತಿದ್ದಳು.